ಎಡಗಡೆಯ ಗೋಡೆ

ಮಾರ್ಚ್ 3, ಸೋಮವಾರ

ಇವತ್ತು ಬೆಳಿಗ್ಗೆ ಇವರು ಅರ್ಧ ಮುಖಕ್ಕೆ ಮಾತ್ರ ಕ್ಷೌರ ಮಾಡಿಕೊಂಡು ಬಚ್ಚಲಿಂದ ಹೊರಬಂದರು. ಎಡಗೆನ್ನೆಯ ತುಂಬ ಸೋಪಿನ ನೊರೆ ಹಾಗೇ ಇದೆ. ಆ ಮುಖ ಹೊತ್ತುಕೊಂಡು, ದೊಡ್ಡ ತೀರ್ಮಾನಕ್ಕೆ ಬಂದವರ ಗತ್ತಿನಲ್ಲಿ ನಿಂತು, "ನಾವು ಆ ಮ್ಯೂಸಿಯಂಗೆ ಹೋಗಿಬರೋಣ ಕಣೇ" ಎಂದರು.

"ಮೊದಲು ಮುಖದ ಇನ್ನರ್ಧ ಮುಗಿಸಿಕೊಂಡು ಬನ್ನಿ" ಎಂದೆ.

"ಮುಗಿಸಿಯೇ ಬಂದಿದ್ದೀನಲ್ಲ" ಎಂದು ಬಲಗೆನ್ನೆ ಸವರಿ ತೋರಿಸಿದರು.

ಇಂಥವರ ಜೊತೆ ಏನು ಮಾತಾಡುವುದು. ಅಕ್ಟೋಬರ್‌ನಲ್ಲಿ ಸ್ಟ್ರೋಕ್ ಆಯಿತು. ಕೈ ಬಂತು, ಕಾಲು ಬಂತು, ಮಾತು ಹೋಗಲೇ ಇಲ್ಲ, ಅದೇ ನನ್ನ ದುರದೃಷ್ಟ. ಆದರೆ ಎಡಗಡೆ ಎಂಬುದು ಇವರ ಪಾಲಿಗೆ ಲೋಕದಿಂದಲೇ ಅಳಿಸಿಹೋಗಿದೆ. ಕಣ್ಣಿಗೆ ಏನೂ ಆಗಿಲ್ಲ, ಎರಡೂ ಸರಿಯಾಗಿವೆ. ಮಿದುಳು ಎಡಕ್ಕಿರುವುದನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ. ತಟ್ಟೆಯ ಬಲಭಾಗದ ಅನ್ನ ತಿಂದು, "ಇಷ್ಟೇನಾ ಬಡಿಸೋದು" ಎಂದು ಕೇಳುತ್ತಾರೆ. ನಾನು ಎದ್ದು ತಟ್ಟೆ ತಿರುಗಿಸಿಡುತ್ತೇನೆ. ಎರಡನೇ ಸಲ ಬಡಿಸಿದೆ ಎಂದುಕೊಂಡು ತಿನ್ನುತ್ತಾರೆ. ಇದನ್ನು ಹೇಳಿದರೆ, "ನನಗೇನೂ ಆಗಿಲ್ಲ, ನಿನಗೆ ಎಲ್ಲರೂ ರೋಗಿಗಳ ಥರ ಕಾಣ್ತಾರೆ" ಅನ್ನುತ್ತಾರೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಈ ನೋಟ್‌ಬುಕ್ಕು ಕೊಡಿಸಿದ್ದು ವ್ಯಾಯಾಮ ಮಾಡಿಸಲು ಬರುವ ಫಿಸಿಯೋ ಹುಡುಗಿ. ದಿನಕ್ಕೆ ಎಷ್ಟು ಸಲ ತಾವಾಗಿಯೇ ಎಡಕ್ಕೆ ತಿರುಗಿದರು ಎಂದು ಬರೆದಿಡಿ ಎಂದಳು. ಎರಡು ವಾರ ಸೊನ್ನೆ ಬರೆದೆ. ಬರೀ ಸೊನ್ನೆಗಳಿಗಾಗಿ ಇನ್ನೂರು ಹಾಳೆ ಯಾಕೆ ದಂಡ ಮಾಡಬೇಕು? ಇವತ್ತಿನಿಂದ ಉಳಿದ ಜಾಗದಲ್ಲಿ ನನ್ನ ಗೋಳು ಬರೆದುಕೊಳ್ಳುತ್ತೇನೆ.

ತಿರುಗಿದ್ದು: ಸೊನ್ನೆ.

ಮಾರ್ಚ್ 5, ಬುಧವಾರ

ಇವರು ಮ್ಯೂಸಿಯಂ ಜಪ ಬಿಡುತ್ತಿಲ್ಲ. ಜಗತ್ತೆಲ್ಲ ಹೋಗಿ ನೋಡುವ ಮ್ಯೂಸಿಯಂ, ರೈಲಿನಲ್ಲಿ ಎರಡೂವರೆ ಗಂಟೆಯ ದಾರಿ. ಇಂಪ್ರೆಷನಿಸ್ಟರೆಂಬ ಹಳೆಯ ಫ್ರೆಂಚ್ ಚಿತ್ರಕಾರರ ಚಿತ್ರಗಳು. ನನಗೆ ಅವುಗಳ ಪರಿಚಯ ಇಲ್ಲದೇ ಏನಿಲ್ಲ. ಇವರು ಮೂವತ್ನಾಲ್ಕು ವರ್ಷ ಪ್ರೆಸ್ಸಿನಲ್ಲಿ ಬಣ್ಣದ ಮೆಷಿನ್ ನಡೆಸಿದವರು. ಒಂದು ವಿಮಾ ಕಂಪನಿಯವರಿಗೆ ಪ್ರತಿ ವರ್ಷ ಇದೇ ಚಿತ್ರಗಳ ಕ್ಯಾಲೆಂಡರು ಅಚ್ಚು ಹಾಕುತ್ತಿದ್ದರು. ನಮ್ಮ ಅಡುಗೆಮನೆಯಲ್ಲಿ ಜುಲೈ ಬಂತೆಂದರೆ ಕೊಳ, ನವೆಂಬರ್ ಎಂದರೆ ಹುಲ್ಲಿನ ಬಣವೆ, ಡಿಸೆಂಬರ್ ಎಂದರೆ ಹೊಗೆ ತುಂಬಿದ ರೈಲು ನಿಲ್ದಾಣ. ಹತ್ತಿರ ಹೋದರೆ ಬರೀ ಬಣ್ಣದ ಮಚ್ಚೆ, ದೂರ ನಿಂತರೆ ಕೊಳ. ಕೈಕೆಲಸ ಅರ್ಧಕ್ಕೆ ಬಿಟ್ಟು ಎದ್ದುಹೋದವರ ಚಿತ್ರಗಳು ಎಂದು ನಾನು ಅಂದುಕೊಂಡಿದ್ದೆ, ಈಗಲೂ ಹಾಗೇ ಅಂದುಕೊಂಡಿದ್ದೇನೆ.

"ಅವರು ಕಳಿಸ್ತಾ ಇದ್ದಿದ್ದು ಫೋಟೋ. ಫೋಟೋ ನೋಡಿಕೊಂಡು ನಾನು ಶಾಯಿ ಹೊಂದಿಸ್ತಿದ್ದೆ" ಎಂದರು ಇವರು. "ಅಸಲಿ ಯಾವತ್ತೂ ನೋಡಿಲ್ಲ. ಆ ಜುಲೈ ನೀಲಿ ಸರಿ ಹಾಕಿದ್ನೋ ಇಲ್ವೋ ಅಂತ ಒಂದು ಸಲ ನೋಡಬೇಕು."

"ಈಗ ಗೊತ್ತಾಗಿ ಏನಾಗಬೇಕು? ತಪ್ಪಾಗಿದ್ರೆ ಮನೆಮನೆಗೂ ಹೋಗಿ ವಾಪಸ್ ತರ್ತೀರಾ?"

ಉತ್ತರವಿಲ್ಲ. ನಾನು ಮಾತಾಡುವಾಗ ಎಡಕ್ಕೆ ಸರಿದಿದ್ದೆ. ಸರಿದೊಡನೆ ನಾನು ಈ ಮನೆಯಲ್ಲಿ ಇಲ್ಲ.

ಸೊನ್ನೆ.

ಮಾರ್ಚ್ 9, ಭಾನುವಾರ

ಫಿಸಿಯೋ ಹುಡುಗಿಯಿಂದ ಬೈಸಿಕೊಂಡೆ. ನನ್ನ ಮಗಳಿಗಿಂತ ಚಿಕ್ಕವಳು. ಮೂವತ್ತೊಂದು ವರ್ಷ ಸರ್ವಿಸ್ ಆದ ನರ್ಸಿಗೆ ಬುದ್ಧಿ ಹೇಳುತ್ತಾಳೆ.

"ಸಿಸ್ಟರ್, ನೀರು ಬಲಗಡೆ, ಕನ್ನಡಕ ಬಲಗಡೆ, ಊಟ ಬಲಗಡೆ, ನೀವೂ ಬಲಗಡೆ. ಎಲ್ಲ ಆ ಕಡೆಗೇ ತಂದು ಇಟ್ಟರೆ ಸರ್ ಯಾಕೆ ಈ ಕಡೆ ತಿರುಗ್ತಾರೆ? ಎಡಗಡೆ ನಿಂತು ಮಾತಾಡಿಸಿ. ಅವರೇ ಹುಡುಕಲಿ."

ಅವಳಿಗೇನು, ವಾರಕ್ಕೆರಡು ದಿನ ಬಂದು ಹೋಗುತ್ತಾಳೆ. ಹೇಳಿದಳೆಂದು ಮಧ್ಯಾಹ್ನ ಎಡಗಡೆ ಕುಳಿತು ಮಾತಾಡಿಸಿದೆ. ಕರೆದೆ. ಮತ್ತೆ ಕರೆದೆ. ಇವರು ಬಲಗಡೆಯ ಖಾಲಿ ಕುರ್ಚಿಯ ಕಡೆ ನೋಡುತ್ತ, "ಏನು? ಎಲ್ಲಿದ್ದೀಯ?" ಎಂದರು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು. ಒಂದೇ ಮೊಳ ದೂರದಲ್ಲಿ ಕುಳಿತವಳನ್ನು ಎಲ್ಲಿದ್ದೀಯ ಎಂದು ಕೇಳಿದರೆ ಹೇಗಾಗುತ್ತದೆಂದು ಆ ಹುಡುಗಿಯ ಪುಸ್ತಕದಲ್ಲಿ ಬರೆದಿರಲಾರದು. ಹತ್ತು ನಿಮಿಷ ತಡೆದೆ. ಆಮೇಲೆ ಎದ್ದು ಬಲಗಡೆಗೆ ಬಂದು ಕುಳಿತೆ. "ಓ, ಬಂದ್ಯಾ" ಎಂದರು.

ಮಾರ್ಚ್ 15, ಶನಿವಾರ

ಮಗಳ ಫೋನು. "ಅಪ್ಪನಿಗೆ ಅಷ್ಟು ಆಸೆ ಇದ್ದರೆ ಕರ್ಕೊಂಡು ಹೋಗಮ್ಮ, ಟಿಕೆಟ್ ನಾನು ಬುಕ್ ಮಾಡ್ತೀನಿ" ಎಂದಳು. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು. ಬುಕ್ ಮಾಡುವುದು ಒಂದು ಗುಂಡಿ ಒತ್ತುವ ಕೆಲಸ. ಕರೆದುಕೊಂಡು ಹೋಗುವುದು, ರೈಲಿಗೆ ಹತ್ತಿಸುವುದು, ಎಡಗಡೆ ಬರುವ ಕಂಬ ಬಾಗಿಲು ಮನುಷ್ಯರಿಗೆ ಡಿಕ್ಕಿ ಹೊಡೆಯದಂತೆ ನೋಡಿಕೊಳ್ಳುವುದು ನನ್ನ ಪಾಲು.

ಆದರೂ ಮ್ಯೂಸಿಯಂನ ನಕ್ಷೆ ಕಳಿಸು ಎಂದೆ. ಸುಮ್ಮನೆ ನೋಡಲು ಅಷ್ಟೇ.

ಮಾರ್ಚ್ 16, ಭಾನುವಾರ

ನಕ್ಷೆಯನ್ನು ಡ್ಯೂಟಿ ರೂಮಿನಲ್ಲಿ ಪ್ರಿಂಟ್ ತೆಗೆದೆ. ಅಕ್ಷರ ಇರುವೆಯಷ್ಟು ಸಣ್ಣ. ಎಕ್ಸ್‌ರೇ ನೋಡುವ ದೀಪದ ಪೆಟ್ಟಿಗೆಗೆ ಸಿಕ್ಕಿಸಿದ ಮೇಲೆ ಕಾಣಿಸಿತು. ಎಂಟು ಕೋಣೆಗಳು ರೈಲು ಡಬ್ಬಿಗಳಂತೆ ಒಂದರ ಹಿಂದೆ ಒಂದು. ಒಂದು ಪಕ್ಕಕ್ಕೆ ಉದ್ದಕ್ಕೂ ಕಿಟಕಿ, ಇನ್ನೊಂದು ಪಕ್ಕದ ಗೋಡೆಗೆ ಚಿತ್ರಗಳು. ನಡೆಯಬೇಕಾದ ದಾರಿಗೆ ಬಾಣ ಹಾಕಿದ್ದಾರೆ. ಎಲ್ಲರೂ ಬಾಣದ ದಿಕ್ಕಿಗೇ ನಡೆಯಬೇಕಂತೆ, ಹಿಂದಿರುಗುವಂತಿಲ್ಲ.

ನೋಡಿದ ಕೂಡಲೇ ನನಗೆ ಗೊತ್ತಾಯಿತು. ಚಿತ್ರದ ಗೋಡೆ ಎಡಗಡೆಗೆ. ಮೂವತ್ತೊಂದು ವರ್ಷ ಎಕ್ಸ್‌ರೇ ನೋಡಿದ ಕಣ್ಣಿಗೆ ಎಡ ಯಾವುದು ಬಲ ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬಾಣದಂತೆ ನಡೆದರೆ ಇವರು ಎಂಟು ಕೋಣೆಯ ಉದ್ದಕ್ಕೂ ಕಿಟಕಿ ನೋಡಿಕೊಂಡು ಹೊರಬರುತ್ತಾರೆ.

ದಾರಿ ಒಂದೇ. ಉಲ್ಟಾ ಹೋಗಬೇಕು. ಹೊರಹೋಗುವ ಬಾಗಿಲಿಂದ ಒಳಹೊಕ್ಕರೆ ಗೋಡೆ ಬಲಕ್ಕೆ ಸಿಗುತ್ತದೆ.

ಮಾರ್ಚ್ 22, ಶನಿವಾರ

ಮ್ಯೂಸಿಯಂನ ಸಹಾಯವಾಣಿಗೆ ಫೋನು ಮಾಡಿದೆ. ಇಪ್ಪತ್ತು ನಿಮಿಷ ಪಿಟೀಲು ಕೇಳಿಸಿದ ಮೇಲೆ ಒಬ್ಬ ಸಿಕ್ಕ.

"ಗಾಲಿಕುರ್ಚಿ ಬೇಕಾ ಮೇಡಂ?"

"ಬೇಡ. ನಡೀತಾರೆ."

"ಹಾಗಾದ್ರೆ ದೃಷ್ಟಿ ಇಲ್ಲದವರಿಗೆ ಕಿವಿಗೆ ಹಾಕಿಕೊಳ್ಳೋ ವಿವರಣೆ ಇದೆ."

"ಕಣ್ಣು ಚೆನ್ನಾಗಿ ಕಾಣುತ್ತೆ."

"ಮತ್ತೆ ತೊಂದರೆ ಏನು ಮೇಡಂ?"

"ಎಡಗಡೆ ಇರೋದು ಅವರ ಪಾಲಿಗೆ ಇರೋದೇ ಇಲ್ಲ."

ಆ ಕಡೆ ಕೀಬೋರ್ಡ್ ಕುಟ್ಟುವ ಸದ್ದು. ಆಮೇಲೆ, "ಅದಕ್ಕೆ ನಮ್ಮ ಫಾರಮ್ಮಿನಲ್ಲಿ ಜಾಗ ಇಲ್ಲ ಮೇಡಂ. ಕಾಗದ ಬರೆದು ಕಳಿಸಿ, ಡಾಕ್ಟರ ಸರ್ಟಿಫಿಕೇಟ್ ಇರಲಿ" ಎಂದ.

ಇವರು ಪಕ್ಕದಲ್ಲೇ ಕುಳಿತು ಎಲ್ಲ ಕೇಳಿಸಿಕೊಂಡಿದ್ದರು. "ಯಾರಿಗೆ ಎಡಗಡೆ ಕಾಣಲ್ಲ?" ಎಂದರು.

ಹುಚ್ಚು ಹಿಡಿಯುವುದೊಂದು ಬಾಕಿ.

ಮಾರ್ಚ್ 27, ಗುರುವಾರ

ಸೊನ್ನೆ. ಕಾಗದ ಹಾಕಿದೆ, ಉತ್ತರ ಇಲ್ಲ. ಸಂಜೆ ನಾಲ್ಕರ ಹೊತ್ತಿಗೆ ವಾರ್ಡಿನ ಮೂರನೇ ಬೆಡ್ಡಿನ ಹೊದಿಕೆ ಬಿಳಿಯಾಗಿ ಕಾಣಲಿಲ್ಲ, ಮಡಿಕೆಗಳಲ್ಲೆಲ್ಲ ನೀಲಿ ಕಾಣಿಸಿತು. ಬಟ್ಟೆ ಒಗೆಯುವವರಿಗೆ ಹೇಳಬೇಕು, ನೀಲಿ ಜಾಸ್ತಿ ಹಾಕುತ್ತಿದ್ದಾರೆ.

ಏಪ್ರಿಲ್ 2, ಬುಧವಾರ

ಇವತ್ತು ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ನಾನು ಬೆಳಗಿನ ಪಾಳಿಯಲ್ಲಿದ್ದೆ. ಇವರು ಮ್ಯೂಸಿಯಂಗೆ ಹೋಗುವಾಗ ಬೇಕೆಂದು ಬೂಟಿನ ಲೇಸು ತರಲು ಒಬ್ಬರೇ ಹೊರಟಿದ್ದಾರೆ. ಬೀದಿ ದಾಟುವಾಗ ಬಲಗಡೆ ನೋಡಿದ್ದಾರೆ, ಖಾಲಿ ಇದೆ, ಕಾಲಿಟ್ಟಿದ್ದಾರೆ. ಎಡಗಡೆಯಿಂದ ಬಂದ ಮೋಟರ್‌ಬೈಕಿನವನು ಇವರನ್ನು ಉಳಿಸಲು ಹೋಗಿ ತಾನು ಬಿದ್ದ. ಮೊಣಕೈ ತರಚಿತು ಅಷ್ಟೇ, ಅವನ ಪುಣ್ಯ ಮತ್ತು ನಮ್ಮದು. ಅವನನ್ನು ನಮ್ಮ ಆಸ್ಪತ್ರೆಗೇ ಕರೆತಂದರು. ಇವರೂ ಜೊತೆಗೆ ಬಂದರು. ನಾನು ಅವನ ಗಾಯ ತೊಳೆಯುತ್ತಿದ್ದರೆ ಇವರು ಪಕ್ಕದಲ್ಲಿ ನಿಂತು, "ಎಲ್ಲಿಂದ ಉದುರಿದನೋ ಗೊತ್ತಾಗಲಿಲ್ಲ, ಆಕಾಶದಿಂದ ಬಿದ್ದ ಹಾಗೆ ಬಂದ" ಎಂದು ಎಲ್ಲರಿಗೂ ಹೇಳುತ್ತಿದ್ದರು.

ನರರೋಗದ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಸಿಸ್ಟರ್, ಮೇ ತಿಂಗಳ ತಪಾಸಣೆಗೂ ತಾವಾಗಿ ತಿರುಗದೇ ಇದ್ದರೆ, ಇವರನ್ನ ಒಬ್ಬರನ್ನೇ ಹೊರಗೆ ಬಿಡೋ ಹಾಗಿಲ್ಲ. ಆಮೇಲೆ ಸುಧಾರಿಸೋದೂ ಕಷ್ಟವೇ. ನಿಮಗೆ ಗೊತ್ತಿಲ್ಲದ್ದೇನಲ್ಲ."

ಗೊತ್ತಿದೆ. ಎಷ್ಟೋ ಜನರ ಹೆಂಡತಿಯರಿಗೆ ನಾನೇ ಈ ಮಾತು ಹೇಳಿದ್ದೇನೆ, ಇದೇ ಮೆಲುದನಿಯಲ್ಲಿ.

ಮಗಳು ಫೋನಿನಲ್ಲಿ, "ನೀನು ಕೆಲಸ ಬಿಡಮ್ಮ, ಇಲ್ಲಾಂದ್ರೆ ಅಪ್ಪನನ್ನ ಹಗಲು ನೋಡಿಕೊಳ್ಳೋ ಕಡೆ ಸೇರಿಸು" ಎಂದಳು. ಇವರಿಗೆ ಅದು ಕೇಳಿಸಿತು. ಹಳೆಯ ಕ್ಯಾಲೆಂಡರಿನ ಹಾಳೆ ಮಗುಚುತ್ತ ಕುಳಿತರು.

ಮಧ್ಯಾಹ್ನ ಇವರನ್ನು ಮನೆಗೆ ಬಿಟ್ಟು ವಾರ್ಡಿಗೆ ಮರಳುವಾಗ ಬಾಗಿಲಿಗೆ ಹೊರಗಿಂದ ಬೀಗ ಹಾಕಿದೆ. ಮದುವೆಯಾಗಿ ಮೂವತ್ತಮೂರು ವರ್ಷಕ್ಕೆ ಗಂಡನನ್ನು ಕೂಡಿಹಾಕಿ ಕೆಲಸಕ್ಕೆ ಹೋದೆ. ಮೆಟ್ಟಿಲಲ್ಲಿ ನಿಂತು ಅತ್ತೆ. ಯಾರೂ ನೋಡಲಿಲ್ಲ.

ಏಪ್ರಿಲ್ 6, ಭಾನುವಾರ

ಮ್ಯೂಸಿಯಂನವರ ಉತ್ತರ ಬಂತು. ಪ್ರವೇಶದ್ವಾರದಲ್ಲಿ ಗಾಲಿಕುರ್ಚಿ ಇರುತ್ತದೆ, ಬಳಸಿಕೊಳ್ಳಿ ಎಂದಿದ್ದಾರೆ.

ಕಲ್ಲಿನ ಮೇಲೆ ನೀರು ಸುರಿದಂತೆ. ಮತ್ತೆ ಬರೆದೆ. ಈ ಸಲ ವಾರ್ಡಿನಲ್ಲಿ ಹೊಸ ಹುಡುಗಿಯರಿಗೆ ಬರೆದುಕೊಡುವ ಹಾಗೆ ಬರೆದೆ: ಒಬ್ಬ ಮನುಷ್ಯ, ಒಂದು ಗೋಡೆ, ಇದು ಬಲ, ಇದು ಎಡ. ನಕ್ಷೆಯನ್ನೂ ಲಗತ್ತಿಸಿ ಕೆಂಪು ಪೆನ್ನಿನಲ್ಲಿ ಬಾಣ ತಿರುಗಿಸಿ ತೋರಿಸಿದೆ. ಕೊನೆಗೆ, ಇವರು ನಿಮ್ಮ ಚಿತ್ರಗಳನ್ನು ಮೂವತ್ನಾಲ್ಕು ವರ್ಷ ಲಕ್ಷಗಟ್ಟಲೆ ಮನೆಗಳಿಗೆ ಮುಟ್ಟಿಸಿದವರು, ಒಂದು ಸಲ ಹಿಂದಿನ ಬಾಗಿಲು ತೆಗೆದರೆ ನಿಮ್ಮ ಗಂಟೇನೂ ಹೋಗುವುದಿಲ್ಲ ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದು ಕಳಿಸಿದೆ.

ಯಾಕೆ ಇಷ್ಟು ಹಟ ಹಿಡಿದಿದ್ದೇನೋ ನನಗೇ ಗೊತ್ತಿಲ್ಲ. ಮೇ ಆದಮೇಲೆ ಇವರಿಗೆ ಏನು ಉಳಿಯುತ್ತದೋ. ಇದೊಂದಾದರೂ ನೋಡಲಿ.

ಏಪ್ರಿಲ್ 10, ಗುರುವಾರ

ಅನುಮತಿ ಸಿಕ್ಕಿತು. 24ನೇ ತಾರೀಖು ಗುರುವಾರ, ಬೆಳಿಗ್ಗೆ ಒಂಬತ್ತೂವರೆಗೆ, ಹೊರಹೋಗುವ ಬಾಗಿಲಿಂದ ಒಳಗೆ ಬಿಡುತ್ತಾರೆ. ಜೊತೆಗೆ ಒಬ್ಬ ಕಾವಲುಗಾರ ಇರುತ್ತಾನೆ. ಖುಷಿಯಿಂದ ಬಂದು ಇವರಿಗೆ ನಕ್ಷೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಇದೇನೋ ತಿರುಗುಮುರುಗು ಆಗಿದೆ ಕಣೇ."

"ಏನು ತಿರುಗುಮುರುಗು?"

"ನೀನು ಅಚ್ಚಿನ ಪ್ಲೇಟ್ ಉಲ್ಟಾ ಹಾಕಿದ್ದೀಯ."

ಅರ್ಧ ಹಾಳೆ ಮಾತ್ರ ಕಾಣುವವರು ನನಗೆ ಎಡಬಲ ಹೇಳಿಕೊಡಲು ಬಂದರು. ನಕ್ಷೆ ಕಿತ್ತುಕೊಂಡು ಚೀಲಕ್ಕೆ ಹಾಕಿದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತಂತೆ. ಒಂದು ತಿಂಗಳು ನಾನು ಕಾಡಿಬೇಡಿ ಪಡೆದದ್ದಕ್ಕೆ ಇವರ ಕಡೆಯಿಂದ ಇಷ್ಟೇ ಬಹುಮಾನ.

ಸೊನ್ನೆ, ಸೊನ್ನೆ, ಸೊನ್ನೆ.

ಏಪ್ರಿಲ್ 18, ಶುಕ್ರವಾರ

ಬಟ್ಟೆ ಒಗೆಯುವ ವಿಭಾಗದವರು ಜಗಳಕ್ಕೆ ಬಂದರು. ನೀಲಿ ಹಾಕುವುದನ್ನು ನಿಲ್ಲಿಸಿ ಎಷ್ಟೋ ವರ್ಷ ಆಯಿತಂತೆ. ಹಾಗಾದರೆ ಸಂಜೆಯ ಹೊತ್ತು ಹೊದಿಕೆಗಳು ಯಾಕೆ ನೀಲಿ ಕಾಣುತ್ತವೆ? ಬೆಳಿಗ್ಗೆ ನೋಡಿದರೆ ಹಳದಿಗೆ ತಿರುಗಿರುತ್ತವೆ. ಇವತ್ತು ಕಿಟಕಿಯ ಪಕ್ಕದ ಬೆಡ್ಡಿನ ಮುದುಕಿಯ ಕೈ ಹೊದಿಕೆಯ ಮೇಲಿತ್ತು, ಕೈಯ ನೆರಳು ಬೂದಿಯ ಬಣ್ಣವಲ್ಲ, ತಿಳಿ ನೇರಳೆ. ಎರಡು ನಿಮಿಷ ನಿಂತು ನೋಡಿದೆ. ಚುಚ್ಚುಮದ್ದಿನ ಸಮಯ ಮೀರಿತು. ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಬೇಕು, ಈ ವಯಸ್ಸಿಗೆ ಪೊರೆ ಬರುವುದುಂಟು.

ಏಪ್ರಿಲ್ 24, ಗುರುವಾರ, ರೈಲಿನಲ್ಲಿ ಹಿಂದಿರುಗುತ್ತ

ನಾನು ಮೂರ್ಖಳು. ಇದನ್ನು ಮೊದಲು ಬರೆದುಬಿಡುತ್ತೇನೆ, ಆಮೇಲೆ ಉಳಿದದ್ದು.

ಒಂಬತ್ತೂವರೆಗೆ ಸರಿಯಾಗಿ ಹಿಂದಿನ ಬಾಗಿಲಲ್ಲಿ ನಿಂತಿದ್ದೆವು. ಕಾವಲುಗಾರ ಬಂದ. ಮೀಸೆಯ ದೊಡ್ಡ ಮನುಷ್ಯ, ತೀರಾ ಸೌಮ್ಯ. ಬಾಗಿಲು ತೆಗೆದ. ಎದುರಿಗೇ, ಅಡ್ಡಗೋಡೆಯ ಮೇಲೆ, ಜುಲೈ ಕೊಳ. ಇವರು ನಿಂತುಬಿಟ್ಟರು. ಕೋಲಿಗೆ ಎರಡೂ ಕೈ ಊರಿ ನೋಡಿದರು, ನೋಡಿದರು.

"ನೀಲಿ ಪರವಾಗಿಲ್ಲ" ಎಂದರು. "ಹಸಿರು ಒಂದು ಚೂರು ಕಮ್ಮಿ ಹಾಕಿದ್ದೆ. ಆ ಕಾಗದಕ್ಕೆ ಅಷ್ಟೇ ಆಗ್ತಿದ್ದಿದ್ದು." ಆಮೇಲೆ ಮೆಲ್ಲಗೆ, "ಆದರೆ ಇಷ್ಟು ಚಿಕ್ಕದು ಅಂತ ಗೊತ್ತಿರಲಿಲ್ಲ" ಎಂದರು.

ಆ ಚಿತ್ರ ನಮ್ಮ ಅಡುಗೆಮನೆಯ ಗೋಡೆಗಿಂತ ಉದ್ದ ಇದೆ. ಇವರಿಗೆ ಬಲಗಡೆಯ ಅರ್ಧವೇ ಕಂಡಿದೆ. ಹೇಳಲಿಲ್ಲ.

ಅಲ್ಲಿಂದ ಅಡ್ಡಗೋಡೆ ಬಳಸಿ ಉದ್ದನೆಯ ಕೋಣೆಗೆ ಕಾಲಿಟ್ಟೆವು. ಬಲಗಡೆ ಸಾಲುಗಟ್ಟಿ ಕಿಟಕಿಗಳು. ಎಡಗಡೆ, ಉದ್ದಕ್ಕೂ, ಚಿತ್ರಗಳು.

ನಾನು ಅಲ್ಲೇ ಚೀಲದಿಂದ ನಕ್ಷೆ ತೆಗೆದೆ. ಎಕ್ಸ್‌ರೇಯಲ್ಲಿ ರೋಗಿ ನಮಗೆ ಎದುರಾಗಿ ನಿಂತಿರುತ್ತಾನೆ, ನಮ್ಮ ಬಲಕ್ಕೆ ಕಾಣುವುದು ಅವನ ಎಡ. ಮೂವತ್ತೊಂದು ವರ್ಷದ ಅಭ್ಯಾಸಬಲದಿಂದ ನಕ್ಷೆಯನ್ನೂ ಹಾಗೇ ಓದಿದ್ದೇನೆ. ನಕ್ಷೆಯ ಬಾಣ ನನ್ನ ಎದುರಿಗೆ ಬರುತ್ತಿರಲಿಲ್ಲ, ನನ್ನಿಂದ ಆಚೆಗೆ ಹೋಗುತ್ತಿತ್ತು. ಎಲ್ಲರಂತೆ ಮುಂಬಾಗಿಲಿಂದ ಬಂದಿದ್ದರೆ ಗೋಡೆ ಬಲಕ್ಕೇ ಸಿಗುತ್ತಿತ್ತು. ಎರಡು ಕಾಗದ, ಒಂದು ಸರ್ಟಿಫಿಕೇಟು, ಗಂಟೆಗಟ್ಟಲೆ ಪಿಟೀಲು, ಎಲ್ಲ ಖರ್ಚು ಮಾಡಿ ಗಂಡನನ್ನು ಕಿಟಕಿ ತೋರಿಸಲು ಕರೆದುಕೊಂಡು ಬಂದಿದ್ದೇನೆ.

ಕಾವಲುಗಾರನಿಗೆ ಹೇಳಿದೆ. ಮುಂಬಾಗಿಲಿಂದ ಮತ್ತೆ ಬರಲು ಇವತ್ತು ಜಾಗ ಇಲ್ಲ, ಪೂರ್ತಿ ಬುಕ್ ಆಗಿದೆ ಎಂದ. ಆ ತುದಿಯವರೆಗೆ ನಡೆದು ತಿರುಗಿ ಬರಬಹುದು ಎಂದರೆ ಇವರ ಕಾಲು ಅಷ್ಟು ತಡೆಯುವುದಿಲ್ಲ. ಸರಿ, ಇವರ ಭುಜ ಹಿಡಿದು ಗೋಡೆಯ ಕಡೆಗೆ ತಿರುಗಿಸಲು ಹೋದೆ.

"ಕೈ ತೆಗಿ" ಎಂದರು. "ಸ್ಟ್ರೆಚರ್ ತಿರುಗಿಸೋ ಹಾಗೆ ತಿರುಗಿಸಬೇಡ. ಜನ ನೋಡ್ತಿದ್ದಾರೆ."

"ರೀ, ಚಿತ್ರ ಈ ಕಡೆ ಇವೆ."

"ಇದ್ದರೆ ಏನಿದೆ ಅಂತ ಹೇಳ್ತಾ ಬಾ. ಸಾಕು."

ನನಗೆ ರೋಷ ಬಂತು. ನನ್ನ ಮೇಲೆ, ಇವರ ಮೇಲೆ, ಆ ಇಂಪ್ರೆಷನಿಸ್ಟರ ಮೇಲೆ. ಹೇಳಬೇಕಾ, ಹೇಳುತ್ತೇನೆ ಎಂದು ಗೋಡೆಯ ಪಕ್ಕಕ್ಕೆ ಹೋಗಿ, ಪಾಳಿ ಬದಲಾಗುವಾಗ ಮುಂದಿನವಳಿಗೆ ರೋಗಿಗಳನ್ನು ಒಪ್ಪಿಸುವ ಹಾಗೆ ಒಂದೊಂದೇ ಒಪ್ಪಿಸುತ್ತ ನಡೆದೆ.

"ಒಂದನೇ ನಂಬರು. ಹೆಂಗಸು, ಮೂವತ್ತರ ಸುಮಾರು, ಕುರ್ಚಿಯಲ್ಲಿ ಕೂತಿದ್ದಾಳೆ. ಮುಖ ಬಿಳಿಚಿಕೊಂಡಿದೆ, ರಕ್ತ ಕಮ್ಮಿ ಇರಬೇಕು. ಪ್ರಜ್ಞೆ ಇದೆ. ಎರಡು. ಹೊಲ, ಗಾಳಿ, ನಿನ್ನೆಗಿಂತ ವ್ಯತ್ಯಾಸ ಏನಿಲ್ಲ. ಮೂರು. ದೋಣಿಯಲ್ಲಿ ಗಂಡಹೆಂಡತಿ. ಗಂಡ ಹುಟ್ಟು ಹಾಕ್ತಿಲ್ಲ. ಹೆಂಡತಿಗೆ ಬೇಜಾರಾಗಿದೆ."

"ಬೇಜಾರು ಅಂತ ಹೇಗೆ ಗೊತ್ತು?"

"ಗಂಡನ ಜೊತೆ ಬಂದಿದ್ದಾಳಲ್ಲ."

ಕಾವಲುಗಾರ ಮೀಸೆಯೊಳಗೇ ನಕ್ಕ. ಇವರು ನಗಲಿಲ್ಲ. "ದೋಣಿ ಯಾವ ಬಣ್ಣ?" "ಕಂದು." "ಎಂಥ ಕಂದು?" "ಅಯೋಡಿನ್ ಕಂದು." "ನೀರಲ್ಲಿ ಅದರ ನೆರಳು?" ನೆರಳೂ ಕಂದು ಎನ್ನಲು ಹೋದೆ. ಅಲ್ಲ, ಕಿತ್ತಳೆ. ಅಲ್ಲಲ್ಲಿ ಹಸಿರೂ ಇತ್ತು. ಹೇಳಿದೆ. "ಹೂಂ" ಎಂದರು, ಮೇಷ್ಟ್ರು ಉತ್ತರಪತ್ರಿಕೆ ತಿದ್ದುವ ಹಾಗೆ. ಇನ್ನೊಂದು ಕೋಣೆ. ಮತ್ತೊಂದು ಕೋಣೆ. ನನ್ನ ಗಂಟಲು ಒಣಗಿತು. ಎದುರಿಂದ ಬರುವ ಜನ ನಮ್ಮಿಬ್ಬರನ್ನು ನೋಡಲು ನಿಲ್ಲತೊಡಗಿದರು.

ಐದನೇ ಕೋಣೆಯಲ್ಲಿ ಜಗಳ ಆಯಿತು.

"ಹದಿನೇಳು. ಹೆಂಗಸು, ತೋಟದಲ್ಲಿ ನಿಂತಿದ್ದಾಳೆ, ಕಪ್ಪು ಟೋಪಿ ಹಾಕಿದ್ದಾಳೆ" ಎಂದೆ.

"ಕಪ್ಪು ಇರಲ್ಲ. ಇವರು ಕಪ್ಪು ಹಾಕೋ ಜನ ಅಲ್ಲ."

"ನನ್ನ ಕಣ್ಣೆದುರಿಗಿದೆ. ಕಪ್ಪೇ. ಬೇಕಾದರೆ ಬರೆದುಕೊಡ್ತೀನಿ."

"ಅಯ್ಯೋ, ಅದು ಕಪ್ಪಲ್ಲ ಕಣೇ" ಎಂದು ರೇಗಿದರು. "ನೀಲಿ ಮೇಲೆ ಕೆಂಪು ಹತ್ತಿಸಿದ್ದಾನೆ. ಅಂಚಲ್ಲಿ ನೋಡು, ಕಿವಿ ಹತ್ತಿರ, ನೇರಳೆ ಹೊರಗೆ ಸೋರಿದೆ. ಕಪ್ಪು ಶಾಯಿ ಹಾಕಿದ್ದಿದ್ರೆ ಮುಖ ಸತ್ತುಹೋಗ್ತಿತ್ತು. ಒಳ್ಳೆ ಚಿತ್ರ. ಇದು ನಮ್ಮ ಪ್ರೆಸ್ಸಿಗೆ ಬರಲೇ ಇಲ್ಲ, ನಾನು ನೋಡೇ ಇಲ್ಲ. ಬಂದಿದ್ರೆ ಎಷ್ಟು ಚೆನ್ನಾಗಿ ಹಾಕ್ತಿದ್ದೆ. ನಿನಗೆ ಬಣ್ಣ ಗೊತ್ತಾಗಲ್ಲ ಅಂದರೆ ಗೊತ್ತಾಗಲ್ಲ ಅನ್ನು, ಬರೆದುಕೊಡ್ತೀನಿ ಅನ್ನಬೇಡ."

ನಾನೂ ಬಿಡಲಿಲ್ಲ. ದನಿ ಏರಿತು. ಕಾವಲುಗಾರ ಬಂದು ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಸಾಲದ್ದಕ್ಕೆ ಇವರು ನನ್ನ ಕಡೆ ನೋಡಿ, ಅಷ್ಟು ಜನರ ಮುಂದೆ, "ಮೊದಲು ನಿನ್ನ ಕಾಲರ್ ಸರಿ ಮಾಡಿಕೋ, ಒಳಗೆ ಮಡಚಿಕೊಂಡಿದೆ, ಬೆಳಿಗ್ಗೆಯಿಂದ ಹೀಗೇ ಓಡಾಡ್ತಿದ್ದೀಯಾ?" ಎಂದರು. ನಾಚಿಕೆಯಿಂದ ಮುಖ ಸುಟ್ಟಂತಾಯಿತು. ಕಾಲರ್ ಸರಿ ಮಾಡಿಕೊಂಡು ಉಳಿದ ಮೂರು ಕೋಣೆಗಳಲ್ಲಿ ತುಟಿ ಬಿಚ್ಚಲಿಲ್ಲ. ಇವರು ಒಬ್ಬರೇ ಏನೇನೋ ಗೊಣಗುತ್ತ ಬಂದರು, ಹಳದಿ ಹೆಚ್ಚಾಯಿತು, ಇದು ಮಾಸಿದೆ, ಇದನ್ನು ಯಾರೋ ಒರೆಸಿ ಕೆಡಿಸಿದ್ದಾರೆ. ಬೆಂಚು ಕಂಡಲ್ಲಿ ಕುಳಿತರು. ಕಾವಲುಗಾರನಿಗೆ ಕೈ ಮುಗಿದು ಹೊರಬಿದ್ದೆವು.

ಇದು ನನ್ನ ಎರಡು ತಿಂಗಳ ಶ್ರಮದ ಫಲ. ಚಿತ್ರ ತೋರಿಸಲು ಕರೆದುಕೊಂಡು ಹೋಗಿ, ಬಣ್ಣ ಗೊತ್ತಿಲ್ಲದವಳು ಎನ್ನಿಸಿಕೊಂಡು, ಕಾಲರ್ ನೆಟ್ಟಗಿಲ್ಲದವಳು ಎನ್ನಿಸಿಕೊಂಡು ಬಂದೆ. ಈಗ ಇವರು ಆರಾಮವಾಗಿ ಕಿಟಕಿಯಾಚೆ ನೋಡುತ್ತ ಕುಳಿತಿದ್ದಾರೆ. ನಾನು ಎಂದಿನಂತೆ ಇವರ ಬಲಗಡೆ, ಕಿಟಕಿಯ ಪಕ್ಕ. ಟೋಪಿ ಕಪ್ಪೇ. ಅಂಚಲ್ಲಿ ಒಂದಿಷ್ಟು ನೇರಳೆ ಇತ್ತು ನಿಜ, ಕಿವಿಯ ಹತ್ತಿರ, ಇವರು ಹೇಳಿದ ಮೇಲೆ ನನಗೂ ಕಾಣಿಸಿತು, ಆದರೆ

ಆ ಚಿತ್ರ ಎಡಗಡೆಯ ಗೋಡೆಯಲ್ಲಿತ್ತು.

ಇವರು ಅದನ್ನು ಮೊದಲು ಎಂದೂ ನೋಡಿರಲಿಲ್ಲ. ಕಿವಿಯ ಹತ್ತಿರದ ನೇರಳೆಯನ್ನು ನಾನು ಹೇಳಿರಲಿಲ್ಲ. ಮತ್ತೆ ನನ್ನ ಕಾಲರ್. ನಾನು ಗೋಡೆಯ ಪಕ್ಕದಲ್ಲಿ ನಿಂತಿದ್ದೆ.

ಹಿಂದಿನ ಹಾಳೆಗಳ ಸೊನ್ನೆಗಳನ್ನು ತಿರುವಿ ನೋಡಿದೆ. ಅಷ್ಟು ವರ್ಷದ ನರ್ಸು, ಸೊನ್ನೆ ಬರೆಯಲೆಂದೇ ಪುಸ್ತಕ ಇಟ್ಟವಳು, ಬೈಸಿಕೊಳ್ಳುವ ಭರದಲ್ಲಿ ಒಂದನ್ನೂ ಎಣಿಸಲಿಲ್ಲ. ಉಳಿದ ಮೂರು ಕೋಣೆಗಳಲ್ಲಿ ಗೊಣಗಿದ್ದು ಯಾವುದನ್ನು ನೋಡಿಕೊಂಡು? ಗೊತ್ತಿಲ್ಲ. ನಾನು ಮುನಿಸಿಕೊಂಡು ಕಿಟಕಿ ನೋಡುತ್ತಿದ್ದೆ. ಡಾಕ್ಟರು ಕೇಳಿದರೆ ಒಂದೇ ಸಲ ಎನ್ನುತ್ತಾರೋ, ಜಗಳದ ಕಾವಿನಲ್ಲಿ ಆದದ್ದು ಎನ್ನುತ್ತಾರೋ. ನಾಳೆ ಮತ್ತೆ ಅರ್ಧ ಮುಖ ಕ್ಷೌರ ಮಾಡಿಕೊಂಡು ಬರಲೂಬಹುದು.

ಎದ್ದೆ. ಇವರ ಕಾಲು ದಾಟಿಕೊಂಡು ಬಂದು ಎಡಗಡೆಯ ಸೀಟಿನಲ್ಲಿ ಕುಳಿತೆ. ಮಾತಾಡಿಸಲಿಲ್ಲ, ಕೆಮ್ಮಲಿಲ್ಲ. ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿರುವ ಹಾಗೆ ನಟಿಸಿದೆ. ಒಂದು ನಿಲ್ದಾಣ ಹೋಯಿತು. ಇವರು ಬಲಗಡೆಯ ಖಾಲಿ ಸೀಟು ನೋಡಿದರು, ಕಿಟಕಿ ನೋಡಿದರು, ಮತ್ತೆ ಖಾಲಿ ಸೀಟು ನೋಡಿದರು. ಇನ್ನೊಂದು ನಿಲ್ದಾಣವೂ ಹೋಯಿತು. ಆಮೇಲೆ ಕುತ್ತಿಗೆ ನಿಧಾನವಾಗಿ, ತುಕ್ಕು ಹಿಡಿದ ನಲ್ಲಿಯಂತೆ, ಈ ಕಡೆಗೆ ಬಂತು. ನನ್ನನ್ನು ನೋಡಿದರು. ಆಮೇಲೆ ಪುಸ್ತಕ ನೋಡಿದರು.

"ನಿನ್ನ ಅಕ್ಷರ ಯಾವ ಕಾಲಕ್ಕೂ ಉದ್ಧಾರ ಆಗಲ್ಲ" ಎಂದರು.

ಮೂವತ್ತಮೂರು ವರ್ಷದಲ್ಲಿ ಮೊದಲ ಸಲ ನಾನು ಎದುರು ಮಾತಾಡಲಿಲ್ಲ.